ಭಿನ್ನರಾಶಿ: ಅಂದಾಜು ಮೊದಲು, ಸೂತ್ರ ಆಮೇಲೆ

ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂದು ಹೇಳಲು ಪ್ರಾಥಮಿಕ ಶಾಲೆಯ ಎಷ್ಟೋ ಮಕ್ಕಳು ತಡವರಿಸುತ್ತಾರೆ. ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ 1/4ಕ್ಕಿಂತ 1/8 ಜಾಸ್ತಿ ಅನ್ನುವುದು ಅವರ ಲೆಕ್ಕ. ನಮ್ಮ ಪಕ್ಕದ ಮನೆಯ ಐದನೇ ತರಗತಿ ಹುಡುಗಿಗೆ 3/7 ಮತ್ತು 5/9 ಕೊಟ್ಟೆ. ಸರಸರನೆ ಅಡ್ಡ ಗುಣಾಕಾರ ಮಾಡಿ (3×9, 5×7) 27, 35 ಎಂದು ಬರೆದು, 5/9 ದೊಡ್ಡದು ಎಂದಳು. ಉತ್ತರ ಸರಿ. ಯಾಕೆ ಎಂದು ಕೇಳಿದರೆ, ‘ಮಿಸ್ ಹಾಗೇ ಹೇಳಿಕೊಟ್ಟಿದ್ದು’! 3/7 ಅರ್ಧಕ್ಕಿಂತ ಕಡಿಮೆ, 5/9 ಅರ್ಧಕ್ಕಿಂತ ಹೆಚ್ಚು. ಇಷ್ಟು ಹೊಳೆದರೆ ಗುಣಿಸುವುದೇ ಬೇಡ, ಅಲ್ವಾ?

ಶಿಕ್ಷಕರು ಮೊದಲು ಕಾಗದದ ಪಟ್ಟಿಗಳನ್ನು ಮಡಚಿಸಿ, ಸಂಖ್ಯಾರೇಖೆಯ ಮೇಲೆ ಗುರುತು ಹಾಕಿಸಲಿ. ಪಟ್ಟಿಗಳ ಉದ್ದ ಮಾತ್ರ ಒಂದೇ ಇರಬೇಕು, ಇಲ್ಲದಿದ್ದರೆ ಗೊಂದಲ ಇನ್ನೂ ಜಾಸ್ತಿ. ಪರೀಕ್ಷೆಯಲ್ಲೂ ‘ಗುಣಿಸದೆ ಹೋಲಿಸಿ, ಕಾರಣ ಬರೆಯಿರಿ’ ಎಂಬ ಒಂದು ಪ್ರಶ್ನೆ ಇರಲಿ.

– ಓದುಗ, ಮಲ್ಲೇಶ್ವರ, ಬೆಂಗಳೂರು