ಮಂಗನ ಕಾಯಿಲೆಗೆ ಮಾರುಕಟ್ಟೆ ಇಲ್ಲವೆಂದೇ?

ಮಾನ್ಯ ಸಂಪಾದಕರೇ,

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಇಂದಿಗೂ ಅದಕ್ಕೆಂದೇ ಔಷಧಿಯಿಲ್ಲ. ಇದ್ದ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂದು ನಿಲ್ಲಿಸಿದರು. ಕೋವಿಡ್ ಬಂದಾಗ ವರ್ಷದೊಳಗೆ ಲಸಿಕೆ ಸಿದ್ಧವಾಯಿತು. ಶ್ರೀಮಂತ ದೇಶಗಳಿಗೂ ಅದು ಬೇಕಿತ್ತಲ್ಲ! ಆಫ್ರಿಕಾದಲ್ಲಿ 1976ರಲ್ಲೇ ಗುರುತಿಸಿದ ಎಬೋಲಾಗೆ ಮಾನ್ಯತೆ ಪಡೆದ ಲಸಿಕೆ ಸಿಕ್ಕಿದ್ದು 2019ರಲ್ಲಿ, ಅದೂ ಸಾವಿರಾರು ಜನ ಸತ್ತ ಮೇಲೆ. ದರಗು (ಒಣಗಿದ ಎಲೆ) ಗುಡಿಸಿ ತರಲು, ಸೌದೆ ಆಯಲು ಕಾಡಿಗೆ ಹೋಗುವವರ ಕಾಯಿಲೆಯಿಂದ ಯಾವ ಕಂಪನಿಗೆ ಲಾಭ?

ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ನಮಗೆ ಡೇಪಾ ತೈಲ ಕೊಡುತ್ತಾರೆ. ಒಳ್ಳೆಯದೇ. ಆದರೆ ಕಳೆದ ಸಲ ನಮ್ಮೂರಿಗೆ ಬಾಟಲಿಗಳು ಬಂದಾಗ ಅಡಿಕೆ ಕೊಯ್ಲೇ ಮುಗಿದಿತ್ತು. ಅವು ಈಗ ನಮ್ಮ ಮನೆಯ ಅಟ್ಟದಲ್ಲಿವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸ ಲಸಿಕೆಯ ಕೆಲಸದಲ್ಲಿ ತೊಡಗಿರುವುದು ಸಮಾಧಾನದ ಸಂಗತಿ. ಅದು ಬಂದಾಗ ಕಾಡಂಚಿನ ಊರುಗಳಿಗೇ ಮೊದಲು, ಉಚಿತವಾಗಿ, ಮಳೆಗಾಲ ಮುಗಿಯುತ್ತಲೇ ತಲುಪಿಸಬೇಕು. ಕೂಲಿಯವರು ಮನೆಗೆ ಮರಳುವ ಸಂಜೆಯ ಹೊತ್ತಿನಲ್ಲಿ ಹಾಕಬೇಕು. ಹಗಲು ಹನ್ನೊಂದಕ್ಕೆ ಬಂದರೆ ಊರಿನಲ್ಲಿ ಸಿಗುವುದು ನಾಯಿಗಳು ಮತ್ತು ನನ್ನಂಥ ಮುದುಕರು ಮಾತ್ರ.

– ಓರ್ವ ಓದುಗ, ಸಾಗರ ತಾಲ್ಲೂಕು