ಡಬ್ಬಿ ತರಿಸುವ ಮುನ್ನ: ಸಿಂಧನೂರಿನ ಗೆಳೆಯನಿಗೊಂದು ಪತ್ರ

ಕುಷ್ಟಗಿ

ಪ್ರಿಯ ಶರಣಪ್ಪನಿಗೆ,

ನೀನು ಕಳಿಸಿದ ಪಟ್ಟಿ ಕೈಸೇರಿತು. ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆ, ನುಗ್ಗೆಸೊಪ್ಪಿನ ಕ್ಯಾಪ್ಸೂಲ್, ಅಶ್ವಗಂಧ, ಅರಿಸಿನದ ಸಾರ, ಪ್ರೋಟೀನ್ ಪುಡಿ, ಅವ್ವನ ಮೊಣಕಾಲಿಗೆಂದು ಒಂದು ಕ್ಯಾಲ್ಸಿಯಂ ಡಬ್ಬಿ. ಇವೆಲ್ಲವೂ ನೈಸರ್ಗಿಕ, ಅಡ್ಡಪರಿಣಾಮದ ಮಾತೇ ಇಲ್ಲ ಎಂದು ಹೇಳಿ, ತಿಂಗಳು ತಿಂಗಳು ತರಿಸಿಕೊಳ್ಳುವ ಕರಾರಿಗೆ ನಿನ್ನನ್ನು ಈ ಆಹಾರ ಪೂರಕಗಳನ್ನು ಮಾರುವ ಏಜೆಂಟರು ಬಹುತೇಕ ಒಪ್ಪಿಸಿಯೇಬಿಟ್ಟಿದ್ದಾರೆ. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ ಎಂಬುದು ನಿನ್ನ ಪ್ರಶ್ನೆ. ನಾನು ವೈದ್ಯನಲ್ಲ, ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು ಎಂಬುದು ನಿನಗೆ ಗೊತ್ತು. ಚಿಕಿತ್ಸೆಯ ವಿಷಯವನ್ನು ವೈದ್ಯರಿಗೆ ಬಿಟ್ಟು, ಊಟ ಮತ್ತು ಪೂರಕಗಳ ಬಗ್ಗೆ ನನಗೆ ಖಚಿತವಾಗಿ ತಿಳಿದಷ್ಟನ್ನು ಬರೆಯುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಪೂರಕವಿರುವುದು ಕೊರತೆಯನ್ನು ತುಂಬಲಿಕ್ಕೆ. ಯಾವ ಕೊರತೆ ಎಂದು ಹೆಸರಿಟ್ಟು ಹೇಳಲು ಬಾರದಿದ್ದರೆ ಡಬ್ಬಿ ಬೇಡ. ಹೆಸರಿಟ್ಟು ಹೇಳಲು ಬಂದರೆ ಕೆಲವು ಸಲ ಮಾತ್ರೆಯೇ ಬೇಕಾಗುತ್ತದೆ, ಎಷ್ಟು ಸೊಪ್ಪು ತಿಂದರೂ ಸಾಲುವುದಿಲ್ಲ.

ಮೊದಲು ನಿಮ್ಮ ಮನೆಯ ಊಟವನ್ನೇ ನೋಡೋಣ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿ, ಸಿಂಧನೂರಿನ ಹೊಲಗಳಿಗೆ ಹರಿದ ಮೇಲೆ ಜೋಳ, ಸಜ್ಜೆ, ನವಣೆ ಬೆಳೆಯುತ್ತಿದ್ದ ನೆಲ ಭತ್ತದ ಗದ್ದೆಯಾಯಿತು. ಗದ್ದೆ ಬಂದಲ್ಲಿ ತಾಟಿನಲ್ಲಿಯೂ ಅನ್ನವೇ ಮೇಲಾಯಿತು. ನಾನು ಅನ್ನವನ್ನು ಹಳಿಯುವವನಲ್ಲ; ಬರಗಾಲ ಕಂಡ ಸೀಮೆಗೆ ಅದು ಹೊಟ್ಟೆ ತುಂಬಿಸಿದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ತೆರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಮಿಗೂ ಕಡಿಮೆ, ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕೂ ಮೇಲೆ. ನಾರಿನಂಶ ಅಕ್ಕಿಯಲ್ಲಿ 3 ಗ್ರಾಮಿನೊಳಗೆ, ಜೋಳದಲ್ಲಿ ಸುಮಾರು 10 ಗ್ರಾಂ. ಇಷ್ಟೆಂದ ಮಾತ್ರಕ್ಕೆ ರೊಟ್ಟಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ಕಟ್ಟೆಯ ಮೇಲಿನ ಮಾತನ್ನು ನಂಬಬೇಡ. ಜೋಳದಲ್ಲಿಯೂ ಇರುವುದು ಬಹುಪಾಲು ಪಿಷ್ಟವೇ. ಮೆಲ್ಲಗೆ ಅರಗುತ್ತದೆ ಎಂಬುದು ಅದರ ಗುಣವೇ ಹೊರತು, ಲೆಕ್ಕವಿಲ್ಲದೆ ತಿನ್ನಲು ಪರವಾನಗಿಯಲ್ಲ. ಎರಡು ರೊಟ್ಟಿಗೆ ಒಂದು ಬಟ್ಟಲು ಪಲ್ಯ, ಒಂದು ಬಟ್ಟಲು ಕಾಳು ಇದ್ದಾಗಲೇ ಅದು ನಿನಗೆ ಒಳಿತು ಮಾಡುತ್ತದೆ.

ರೊಟ್ಟಿಗಿಂತಲೂ ನಾವು ಹೆಚ್ಚು ಕಳೆದುಕೊಂಡಿರುವುದು ರೊಟ್ಟಿಯ ಪಕ್ಕದಲ್ಲಿ ಇರುತ್ತಿದ್ದ ಸಾಮಾನುಗಳನ್ನು ಎಂದು ನನಗೆ ತೋರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ: ಈ ಮೂರೂ ಚಟ್ನಿಪುಡಿಗಳು ಡಬ್ಬಿಯಲ್ಲಿದ್ದ ಮನೆಗೆ ಬೇರೆ ‘ಪೂರಕ’ ಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಶೇಂಗಾದ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. ಅಗಸೆಯಲ್ಲಿರುವ ಎಣ್ಣೆಯ ಅರ್ಧದಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಒಮೆಗಾ-3 ಗುಂಪಿನದು; ಅದನ್ನೇ ಈಗ ಕ್ಯಾಪ್ಸೂಲಿನಲ್ಲಿ ತುಂಬಿ ಮಾರುತ್ತಾರೆ. ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ. ಇಡಿಯ ಅಗಸೆಯನ್ನು ನುಂಗಿದರೆ ಗಟ್ಟಿ ಸಿಪ್ಪೆಯ ಕಾಳು ಹಾಗೆಯೇ ಹೊರಗೆ ಹೋಗುತ್ತದೆ, ಹಾಗಾಗಿ ಕುಟ್ಟಲೇಬೇಕು. ಕುಟ್ಟಿದ ಮೇಲೆ ಅದರ ಎಣ್ಣೆ ಬೇಗ ಕಮಟಾಗುತ್ತದೆ, ಹಾಗಾಗಿ ತಿಂಗಳುಗಟ್ಟಲೆಗೆ ಮಾಡಿಡದೆ ಸ್ವಲ್ಪ ಸ್ವಲ್ಪವೇ ಹುರಿದು ಕುಟ್ಟಬೇಕು. ಮೀನಿನ ಎಣ್ಣೆಯಿಂದ ದೊರೆಯುವ ಒಮೆಗಾ-3 ಇದಕ್ಕಿಂತ ಬೇರೆ ರೂಪದ್ದು. ಅಗಸೆಯದನ್ನು ನಮ್ಮ ದೇಹ ಆ ರೂಪಕ್ಕೆ ಅಲ್ಪ ಪ್ರಮಾಣದಲ್ಲಷ್ಟೇ ಪರಿವರ್ತಿಸಿಕೊಳ್ಳುತ್ತದೆ. ಆದ್ದರಿಂದ ಅಗಸೆ ಒಳ್ಳೆಯ ಆಹಾರ ಎನ್ನುತ್ತೇನೆಯೇ ಹೊರತು ಹೃದಯದ ಔಷಧ ಎನ್ನಲಾರೆ. ಹಾಂ, ಹಿಂಡಿಗೆ ಉಪ್ಪು ಹಾಕುವ ಕೈಯನ್ನು ಸ್ವಲ್ಪ ಹಿಡಿಯಲು ವೈನಿಯವರಿಗೆ ಹೇಳು. ನಿನ್ನ ರಕ್ತದೊತ್ತಡದ ಗುಳಿಗೆಗೂ ಆ ಡಬ್ಬಿಗೂ ಸಂಬಂಧವಿದ್ದೀತು.

ನುಗ್ಗೆಯ ಕ್ಯಾಪ್ಸೂಲಿನ ಲೆಕ್ಕವನ್ನು ಒಮ್ಮೆ ನೀನೇ ಮಾಡಿ ನೋಡು. ಸಾಮಾನ್ಯವಾಗಿ ಒಂದು ಕ್ಯಾಪ್ಸೂಲಿನಲ್ಲಿ ಅರ್ಧ ಗ್ರಾಂ ಒಣ ಎಲೆಯ ಪುಡಿ ಹಿಡಿಯುತ್ತದೆ. ಅದರಿಂದ ಸಿಗುವ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಮಿನ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 1000 ಮಿಲಿಗ್ರಾಂ. ನೂರು ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಇದೆ, ಮತ್ತು ಆ ಗಿಡ ನಿಮ್ಮ ಹಿತ್ತಲಿನ ಬೇಲಿಯಲ್ಲಿಯೇ ನಿಂತಿದೆ! ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಿಕೆ, ಗೋಳಿ ಪಲ್ಯಗಳನ್ನು ಸಂತೆಯಲ್ಲಿ ಸಿಕ್ಕಂತೆ ಸರದಿಯಲ್ಲಿ ತರುವುದು ಒಂದೇ ಸೊಪ್ಪಿನ ಪುಡಿಯನ್ನು ವರ್ಷವಿಡೀ ನುಂಗುವುದಕ್ಕಿಂತ ಎಷ್ಟೋ ಮೇಲು. 2024ರಲ್ಲಿ ಪರಿಷ್ಕರಿಸಿ ಹೊರತಂದ ರಾಷ್ಟ್ರೀಯ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ತಿನ್ನಬೇಕೆಂದು ಹೇಳಿದ್ದಾರೆ. ಬೆಳಿಗ್ಗೆ ಮಂಡಾಳ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಎನ್ನುವ ಊಟದಲ್ಲಿ ಅದರ ಕಾಲುಭಾಗವಾದರೂ ಬರುತ್ತದೆಯೇ ಎಂದು ಯೋಚಿಸು.

ವೈನಿಯವರಿಗೆ ರಕ್ತ ಕಡಿಮೆ ಎಂದು ಬರೆದಿದ್ದೀಯೆ. ಇದು ಅವರೊಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಧಾನ್ಯ ಮತ್ತು ಸೊಪ್ಪಿನ ಕಬ್ಬಿಣಾಂಶ ಸುಲಭವಾಗಿ ದಕ್ಕುವಂಥದ್ದಲ್ಲ, ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಊಟದ ಜೊತೆಗೆ ಲಿಂಬೆರಸವನ್ನೋ ಪೇರಲ ಹಣ್ಣನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಹಿಂದೆಯೇ ಚಹಾ ಕುಡಿಯುವ ನಮ್ಮ ಪದ್ಧತಿ ಇದಕ್ಕೆ ನೇರ ವಿರುದ್ಧ, ಏಕೆಂದರೆ ಚಹಾದ ಟ್ಯಾನಿನ್ ಕಬ್ಬಿಣವನ್ನು ತಡೆಯುತ್ತದೆ. ಇಷ್ಟೆಲ್ಲ ಹೇಳಿಯೂ ಒಂದು ಮಾತನ್ನು ಒತ್ತಿ ಹೇಳಬೇಕು: ಹಿಮೋಗ್ಲೋಬಿನ್ ಆಗಲೇ ಇಳಿದಿದ್ದರೆ ಬೀಟ್‌ರೂಟ್ ರಸದಿಂದಾಗಲಿ ಖರ್ಜೂರದಿಂದಾಗಲಿ ಅದು ಬೇಗ ಏರದು. ಆಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯೇ ಸರಿಯಾದ ಪೂರಕ. ಅದು ‘ನೈಸರ್ಗಿಕ’ ಅಲ್ಲವೆಂದು ಮೂಗು ಮುರಿಯುವುದು ಸಲ್ಲದು. ಅದನ್ನು ಹಾಲು, ಚಹಾ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಂದ ದೂರವಿಟ್ಟು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಮಲ ಕಪ್ಪಾದರೆ ಅಂಜಬೇಕಾಗಿಲ್ಲ.

ಇನ್ನು ನಿನ್ನ ಪಾದಗಳ ಜೋಮಿನ ವಿಷಯ. ನಿನ್ನ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ್ದು ಆ ಒಂದು ಸಾಲು. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಧಕ್ಕೆಯಾಗಿ ಜೋಮು ಬರಬಹುದು, ನಿಜ. ಆದರೆ ನೀನು ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದೀಯೆ, ಮತ್ತು ಮೊದಲಿನಿಂದಲೂ ಶಾಕಾಹಾರಿ. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವದ ಮಟ್ಟ ಇಳಿಯಬಹುದು. ಸಸ್ಯಾಹಾರದಲ್ಲಂತೂ ಬಿ12 ಇರುವುದೇ ಇಲ್ಲ, ಹಾಲು ಮೊಸರಿನಿಂದ ಬಂದಷ್ಟೇ ಬಂತು. ಅದರ ಕೊರತೆಯಿಂದಲೂ ಹೀಗೆಯೇ ಕೈಕಾಲು ಜೋಮು ಹಿಡಿಯುತ್ತವೆ, ಆಯಾಸವಾಗುತ್ತದೆ, ನೆನಪು ಮಂದವಾಗುತ್ತದೆ. ಬಹುದಿನ ಬಿಟ್ಟರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ಆ ಏಜೆಂಟರು ಸ್ಪಿರುಲಿನಾದಲ್ಲಿ ಬಿ12 ತುಂಬಿದೆ ಎಂದಿದ್ದಾರಲ್ಲವೇ? ಅದರಲ್ಲಿರುವ ಬಹುಪಾಲು ಬಿ12ನಂತೆ ಕಾಣುವ ಬೇರೊಂದು ರೂಪ, ಮನುಷ್ಯನ ದೇಹಕ್ಕೆ ಅದು ಉಪಯೋಗಕ್ಕೆ ಬಾರದು. ಅದನ್ನು ನಂಬಿ ನೀನು ಕುಳಿತರೆ ಕೊರತೆ ಒಳಗೊಳಗೇ ಬೆಳೆಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಮಟ್ಟ ತಿಳಿಯುತ್ತದೆ. ಕಡಿಮೆಯಿದ್ದರೆ ಗುಳಿಗೆಯೋ ಚುಚ್ಚುಮದ್ದೋ ವೈದ್ಯರು ತೀರ್ಮಾನಿಸುತ್ತಾರೆ, ಮತ್ತು ಆ ಖರ್ಚು ಸ್ಪಿರುಲಿನಾ ಡಬ್ಬಿಗಿಂತ ಕಡಿಮೆಯೇ ಆದೀತು. ಮೆಟ್‌ಫಾರ್ಮಿನ್ ಅನ್ನು ಮಾತ್ರ ನೀನಾಗಿಯೇ ನಿಲ್ಲಿಸಬೇಡ.

ಪ್ರೋಟೀನ್ ಪುಡಿಯ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ. ಆರೋಗ್ಯವಂತ ದೊಡ್ಡವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು, ಅಂದರೆ ಅರವತ್ತು ಕಿಲೋದವನಿಗೆ ದಿನಕ್ಕೆ ಐವತ್ತು ಗ್ರಾಂ. ಎರಡು ಹೊತ್ತು ಬೇಳೆ, ಒಂದು ಬಟ್ಟಲು ಮಡಕಿ ಕಾಳಿನ ಉಸುಳಿ, ಒಂದು ಹಿಡಿ ಶೇಂಗಾ, ಮೊಸರು ಇದ್ದರೆ ಧಾನ್ಯದ್ದೂ ಸೇರಿ ಅದು ತಾನಾಗಿಯೇ ಭರ್ತಿಯಾಗುತ್ತದೆ. ನಾನು ಹೇಳಿದ 2024ರ ಮಾರ್ಗಸೂಚಿ ಮೈಕಟ್ಟಿಗೆಂದು ಪ್ರೋಟೀನ್ ಪುಡಿ ಬಳಸಬಾರದೆಂದೇ ಹೇಳುತ್ತದೆ. ನಿನ್ನ ಮೊಮ್ಮಗ ಶಾಲೆಯಲ್ಲಿ ಮೊಟ್ಟೆ ತಿನ್ನುತ್ತಾನೆಂದು ಅವ್ವ ಬೇಸರಪಟ್ಟುಕೊಳ್ಳುವುದನ್ನು ಬರೆದಿದ್ದೀಯೆ. 2021ರ ಕೊನೆಯಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊದಲು ಆ ಯೋಜನೆ ಬಂದದ್ದೇ ಮಕ್ಕಳಲ್ಲಿನ ಅಪೌಷ್ಟಿಕತೆಯನ್ನು ಕಂಡು. ಬೇಡವೆನ್ನುವವರಿಗೆ ಬಾಳೆಹಣ್ಣು ಇದ್ದೇ ಇದೆ, ಆದರೆ ಪೋಷಣೆಯ ಲೆಕ್ಕದಲ್ಲಿ ಬಾಳೆಹಣ್ಣು ಮೊಟ್ಟೆಯ ಜಾಗವನ್ನು ತುಂಬಲಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅವ್ವನ ಮೊಣಕಾಲಿನ ನೋವಿಗೆ ಕ್ಯಾಲ್ಸಿಯಂ ಡಬ್ಬಿ ತರುವ ಮೊದಲು ಅವರು ಇಷ್ಟು ವರ್ಷ ಯಾವ ನೀರು ಕುಡಿದರು ಎಂಬುದನ್ನು ನೆನಪಿಸಿಕೋ. ನಿಮ್ಮ ಮೂಲ ಊರು ನಮ್ಮ ತಾಲ್ಲೂಕಿನದೇ; ಇಲ್ಲಿಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇದೆ. ವರ್ಷಗಟ್ಟಲೆ ಅದನ್ನೇ ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಕೀಲುಗಳು ಬಿಗಿದು ಬೆನ್ನು ಮೊಣಕಾಲುಗಳ ನೋವು ಬರುವುದುಂಟು. ವಯಸ್ಸಿನ ಸವಕಳಿಯೋ ಫ್ಲೋರೈಡೋ ಎಂಬುದನ್ನು ವೈದ್ಯರು ನೋಡಿಯೇ ಹೇಳಬೇಕು. ಈಗಲಾದರೂ ಅವ್ವನಿಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕೊಡು. ಹಾಲು ಮೊಸರು, ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು ಅವರ ಊಟದಲ್ಲಿರಲಿ. ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳವಿದೆ, ಅಷ್ಟೂ ದೇಹಕ್ಕೆ ದಕ್ಕದಿದ್ದರೂ. ಅವರಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಹರಳಾಗಿತ್ತಲ್ಲ, ಆದ್ದರಿಂದ ಕ್ಯಾಲ್ಸಿಯಂ ಗುಳಿಗೆಯನ್ನು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು.

ಕೊನೆಗೆ ಉಳಿದದ್ದು ಅಶ್ವಗಂಧ ಮತ್ತು ಅರಿಸಿನ. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯಕಾರಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೆಲಸ ಮಾಡುವಷ್ಟು ಶಕ್ತಿಯಿರುವ ವಸ್ತುವಿಗೆ ಕೆಡಿಸುವಷ್ಟು ಶಕ್ತಿಯೂ ಇದ್ದೇ ಇರುತ್ತದೆ. ಅಶ್ವಗಂಧದಿಂದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದದ್ದು ವರದಿಯಾಗಿದೆ, ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಅದು ಹಾರ್ಮೋನಿನ ಮಟ್ಟವನ್ನು ಏರುಪೇರು ಮಾಡಬಹುದು, ಬಸುರಿಯರಿಗೆ ಸಲ್ಲದು. ಡೆನ್ಮಾರ್ಕ್ ದೇಶವಂತೂ 2023ರಲ್ಲಿ ಅದನ್ನು ನಿಷೇಧಿಸಿತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ದಿನವೂ ಕುಡಿದವರಲ್ಲಿ ಕೆಲವರಿಗೆ ಯಕೃತ್ತು ಊದಿಕೊಂಡದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ, ಚರ್ಚೆ ನಡೆದೇ ಇದೆ. ಅರಿಸಿನದ ವಿಷಯ ಇನ್ನೂ ಸ್ವಾರಸ್ಯಕರ. ಅಡುಗೆಯ ಅರಿಸಿನದಲ್ಲಿ ಅದರ ಮುಖ್ಯ ಸಾರವಾದ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು, ಅದರಲ್ಲಿಯೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ವಸ್ತುವಿನ ಜೊತೆಗೆ ಕೊಟ್ಟಾಗ ಅದು ಹಲವು ಪಟ್ಟು ಹೆಚ್ಚು ಹೀರಿಕೆಯಾಗುವುದನ್ನು ಕಂಡರು. ನಿನ್ನ ಪಟ್ಟಿಯ ಕ್ಯಾಪ್ಸೂಲಿನಲ್ಲಿ ಪೈಪರಿನ್ ಸೇರಿಸಿರುವುದು ಅದಕ್ಕಾಗಿಯೇ. ಆದರೆ ಅದೇ ಪೈಪರಿನ್ ಬೇರೆ ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು, ಮತ್ತು ನೀನು ದಿನವೂ ಮೂರು ತರಹದ ಗುಳಿಗೆ ನುಂಗುವವನು. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಸಿನ ಮೆಣಸಿಗೆ ಈ ಅಂಜಿಕೆ ಬೇಡ. ಸಾರ ತೆಗೆದು ಕ್ಯಾಪ್ಸೂಲಿಗೆ ತುಂಬಿದ್ದಕ್ಕೆ ಬೇಕು.

ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದನ್ನೂ ಓದು. ಆಹಾರ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು, ‘ಔಷಧವಾಗಿ ಬಳಸಲು ಅಲ್ಲ’ ಎಂಬರ್ಥದ ಸೂಚನೆಯೂ ಇರಬೇಕು. ಡಬ್ಬಿಯೇ ಔಷಧವಲ್ಲ ಎನ್ನುತ್ತಿರುವಾಗ ಅದನ್ನು ಮಾರುವವರು ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವುದು ಹೇಗೆ? ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸುತ್ತದೆ. ಮುಂದಿನ ಸಲ ಅವರು ಬಂದಾಗ ಈ ಪ್ರಶ್ನೆಯನ್ನು ಮೆತ್ತಗೆ ಕೇಳಿ ನೋಡು.

ಸದ್ಯಕ್ಕೆ ಕರಾರಿಗೆ ಸಹಿ ಹಾಕಬೇಡ. ನಿನ್ನ ಬಿ12 ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ವೈನಿಯವರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ವೈದ್ಯರ ಬಳಿ ಹೋಗುವಾಗ ಗುಳಿಗೆಗಳ ಜೊತೆಗೆ ಮನೆಯಲ್ಲಿ ಕುಡಿಯುವ ಕಷಾಯ, ಪುಡಿಗಳ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗು, ಅವರು ಕೇಳದಿದ್ದರೂ ತೋರಿಸು. ಈ ವಾರ ಸಿಂಧನೂರಿಗೆ ಬರುವವರ ಕೈಯಲ್ಲಿ ಸಜ್ಜೆ ಮತ್ತು ಗುರೆಳ್ಳು ಕಳಿಸುತ್ತಿದ್ದೇನೆ. ಸಜ್ಜೆಯ ಹಿಟ್ಟು ಬೇಗ ಕಮಟಾಗುವುದರಿಂದ ಕಾಳನ್ನೇ ಕಳಿಸುತ್ತೇನೆ, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸಿಕೊಳ್ಳಿ. ಪರೀಕ್ಷೆಯ ವರದಿ ಬಂದ ಕೂಡಲೇ ಅದರ ಫೋಟೋ ಕಳಿಸು.

ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ