ಓಟಿನ ಕಾಲದ ಮಾತು: ಯುವ ಬರಹಗಾರನಿಗೆ ಪತ್ರ

ಹಾಸನ

ಪ್ರೀತಿಯ ಗೆಳೆಯ,

ಮೂಡಿಗೆರೆಯಿಂದ ನೀನು ಕಳಿಸಿದ ಚುನಾವಣೆಯ ಕತೆ ಓದಿದೆ. ಗಲಾಟೆ, ಬೈಗುಳ, ಬಾಡೂಟ ಎಲ್ಲ ಚೆನ್ನಾಗಿ ಬಂದಿದೆ. ನನ್ನ ತಕರಾರು ಮಾತಿನದು. ನಿನ್ನ ಹೋಟೆಲಿನವನು 'ಮತ ಚಲಾಯಿಸಿ ಬಂದೆ' ಅನ್ನುತ್ತಾನೆ. ಹಾಸನದಲ್ಲಾಗಲಿ, ನಿಮ್ಮ ಚಿಕ್ಕಮಗಳೂರಲ್ಲಾಗಲಿ ಯಾರಪ್ಪ ಹಾಗೆ ಮಾತಾಡುತ್ತಾರೆ? ಓಟು ಹಾಕಿ ಬರುತ್ತಾರೆ, ಅಷ್ಟೇ.

ನಿಘಂಟಿಗೆ ಹೆದರಬೇಡ. 'ಠೇವಣಿ ಹೋಯ್ತು' ಅನ್ನುವುದನ್ನೇ ನೋಡು. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಸೋತವನಿಗೆ ಕಟ್ಟಿದ ದುಡ್ಡು ವಾಪಸ್ ಇಲ್ಲ. ವಿಧಾನಸಭೆಗೆ ಸಾಮಾನ್ಯ ವರ್ಗದವರಿಗೆ ಅದು 10,000 ರೂಪಾಯಿ. ಊರಲ್ಲಿ ಆ ದುಡ್ಡಿನ ಚಿಂತೆ ಯಾರಿಗಿದೆ? ಮರ್ಯಾದೆ ಹೋಯ್ತು ಅಂತಲೇ ಅದರ ಅರ್ಥ.

'ಆಪರೇಷನ್ ಕಮಲ' ಮಾತ್ರ ಹುಷಾರಾಗಿ ಬಳಸು. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂತು, ಬಹುಮತಕ್ಕೆ 113 ಬೇಕಿತ್ತು. ಸುಮ್ನೆ ಪಕ್ಷ ಹಾರಿದರೆ 1985ರ ಪಕ್ಷಾಂತರ ನಿಷೇಧ ಕಾನೂನು ಹಿಡಿಯುತ್ತದೆ. ಹಾಗಾಗಿ ಕಾಂಗ್ರೆಸ್, ಜೆಡಿಎಸ್‌ನ ಕೆಲವು ಶಾಸಕರು ರಾಜೀನಾಮೆ ಕೊಟ್ಟು, ಕಮಲದ ಗುರುತಿನಲ್ಲಿ ಉಪಚುನಾವಣೆಗೆ ನಿಂತರು. ಇಷ್ಟೆಲ್ಲ ವ್ಯವಹಾರಕ್ಕೆ ಆಸ್ಪತ್ರೆಯ ಹೆಸರು! ಕೇಳಲು ಮಜಾ ಇದೆ. ಆದರೆ ಯಾರು ಯಾರ ಮನೆಗೆ ಹೋದರು, ಏನು ಮಾತಾಯಿತು ಅನ್ನುವುದೆಲ್ಲ ಅದರೊಳಗೆ ಮುಚ್ಚಿಹೋಗುತ್ತದೆ. ನೀನೂ 'ಶಾಸಕ ಆಪರೇಷನ್ ಆದ' ಅಂತ ಒಂದೇ ಸಾಲಲ್ಲಿ ಕೈತೊಳೆದುಕೊಂಡಿದ್ದೀಯ. ಅವನು ರಾಜೀನಾಮೆ ಬರೆದ ರಾತ್ರಿಯನ್ನು ತೋರಿಸು. ಹೆಂಡತಿ ಏನಂದಳು, ಡ್ರೈವರ್‌ಗೆ ಯಾವ ಊರಿಗೆ ಅಂತ ಹೇಳಿದ, ಅದನ್ನು ಬರೆ. ಆಮೇಲೆ ಊರಿನವರು 'ಆಪರೇಷನ್ ಆದ' ಅಂದರೆ ಆ ಮಾತು ಚುಚ್ಚುತ್ತದೆ.

ಅಜ್ಜನ ಪಾತ್ರ ಇಷ್ಟವಾಯಿತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ನಿಮ್ಮಲ್ಲಿ ನಿಂತು ಗೆದ್ದಾಗಿನ 'ಏಕ್ ಶೇರ್ನಿ ಸೌ ಲಂಗೂರ್' ಘೋಷಣೆಯನ್ನು ಅವನು ಗಿಳಿಯ ಹಾಗೆ ಶುದ್ಧವಾಗಿ ಒಪ್ಪಿಸುತ್ತಾನಲ್ಲ, ಅದು ಬೇಡ. ಒಂದು ಸಿಂಹಿಣಿ, ನೂರು ಲಂಗೂರ್ ಕೋತಿ ಅಂತ ಅದರ ಅರ್ಥ; ಮಲೆನಾಡಿನ ಅಜ್ಜನಿಗೆ ಲಂಗೂರ್ ಅಂದರೆ ಮುಸಿಯ. ಹಿಂದಿ ತಪ್ಪುತಪ್ಪಾಗಿಯೇ ಬರಲಿ.

ಇನ್ನೊಂದು ಮಾತು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಗುರುತಿನಲ್ಲಿ ನಡೆಯುವುದಿಲ್ಲ, ಅಲ್ವಾ? ಹಾಗಾದರೆ ಕತೆಯ ಎರಡನೇ ಭಾಗದ ಪಂಚಾಯಿತಿ ಚುನಾವಣೆಯಲ್ಲಿ 'ಬಿ ಫಾರಂ'ಗೆ, ಅಂದರೆ ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಪತ್ರಕ್ಕೆ, ಅಷ್ಟು ಜಗಳ ಯಾಕೆ? ತೆಗೆದುಬಿಡು. ಜನ 'ಇವನು ಕೈಯವನು, ಅವನು ತೆನೆಯವನು' ಅನ್ನುವುದು ಹಾಗೇ ಇರಲಿ. ಗುರುತಿಲ್ಲದಿದ್ದರೂ ಹಾಗೆ ಕರೆಯುವುದನ್ನು ಅವರು ಬಿಟ್ಟಿಲ್ಲ.

ತಿದ್ದಿ ಕಳಿಸು, ಓದುತ್ತೇನೆ.